ಊರಿಗೆ ಹೊರಡುವ ಮುನ್ನ: ರಜೆ, ಹಬ್ಬ, ಮಳೆ, ಸುಗ್ಗಿಗೆ ತಕ್ಕಂತೆ ಮನೆ ಕಾಯುವ ಸಮಗ್ರ ಮಾರ್ಗದರ್ಶಿ

"ಕ್ಯಾಮೆರಾ ಹಾಕಿಸಿದ್ವಿ, ಒಳ್ಳೆ ಬೀಗ ತಂದ್ವಿ, ಪಕ್ಕದ ಮನೆಯವರಿಗೂ ಹೇಳಿದ್ವಿ. ಆದ್ರೂ ಹೀಗಾಯ್ತಲ್ಲ!"

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ, ದಸರಾ ಕಳೆದ ಮೇಲೆ, ಈ ಮಾತು ನನ್ನ ಕಿವಿಗೆ ಬೀಳದ ವರ್ಷವೇ ಇಲ್ಲ. ಹೀಗೆ ಹೇಳುವವರು ಅಸಡ್ಡೆ ಜನ ಅಲ್ಲ. ಏನು ಮಾಡಬೇಕು ಅಂತ ಅವರಿಗೆ ಗೊತ್ತಿರುತ್ತದೆ, ಮಾಡಿಯೂ ಇರುತ್ತಾರೆ. ಎಡವುವುದು ಎರಡು ಕಡೆ. ಯಾವ ತಿಂಗಳಲ್ಲಿ ಎಂಥ ಕಳವು ಜಾಸ್ತಿ ಅಂತ ಯೋಚಿಸದೆ ವರ್ಷಪೂರ್ತಿ ಒಂದೇ ಥರ ಎಚ್ಚರಿಕೆ ವಹಿಸುವುದು ಒಂದು. ಕೆಲಸಗಳ ಕ್ರಮ ತಲೆಕೆಳಗಾಗುವುದು ಇನ್ನೊಂದು. ಒಡವೆಯನ್ನು ಬೀರುವಿನಲ್ಲೇ ಬಿಟ್ಟು ಕ್ಯಾಮೆರಾಗೆ ದುಡ್ಡು ಸುರಿಯುತ್ತಾರೆ. ಕೊಂಡಿಯ ಸ್ಕ್ರೂ ಅಲ್ಲಾಡುತ್ತಿರುವಾಗ ದುಬಾರಿ ಬೀಗ ತರುತ್ತಾರೆ.

ಹಾಗಾಗಿ ಇಲ್ಲಿ ಹೇಳುವ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಮೊದಲು ಕ್ಯಾಲೆಂಡರ್, ಆಮೇಲೆ ಒಡವೆ, ಆಮೇಲೆ ಬಾಗಿಲು, ಆಮೇಲೆ ಮನೆಯ ಹೊರನೋಟ, ಆಮೇಲೆ ಜನ. ಕ್ಯಾಮೆರಾ ಕೊನೆಗೆ.

## ಕೈಯಲ್ಲಿ ಇರಬೇಕಾದ ಸಾಮಾನು

ದೊಡ್ಡ ಖರ್ಚೇನಿಲ್ಲ. ಗೋಡೆಗೆ ನೇತುಹಾಕುವ ಕ್ಯಾಲೆಂಡರ್, ಒಂದು ನೋಟ್‌ಬುಕ್, ಫೋಟೊ ತೆಗೆಯಲು ಮೊಬೈಲ್. ಹಾರ್ಡ್‌ವೇರ್ ಅಂಗಡಿಯಿಂದ ಮೂರು ಇಂಚಿನ ಸ್ಕ್ರೂಗಳು, ಗುಂಡು ತಲೆಯ ಬೋಲ್ಟು-ನಟ್ಟು, ದಪ್ಪ ಕೊಂಡಿ, ಬಾಗಿಲ ಒಳಗೆ ಅಡ್ಡ ಹಾಕುವ ಕಬ್ಬಿಣದ ಪಟ್ಟಿ. ಎಲೆಕ್ಟ್ರಿಕಲ್ ಅಂಗಡಿಯಿಂದ ಒಂದೆರಡು ಟೈಮರ್ ಸಾಕೆಟ್. ಬಡಗಿಗೆ ಅರ್ಧ ದಿನದ ಕೂಲಿ. ಇಷ್ಟೇ.

ಸಮಯ ಮಾತ್ರ ಮುಂಚಿತವಾಗಿ ಬೇಕು. ಊರಿಗೆ ಹೊರಡುವ ಮೂರು ವಾರ ಮೊದಲೇ ಶುರು ಮಾಡಿ. ಹಿಂದಿನ ದಿನ ಬಡಗಿ ಸಿಗುವುದಿಲ್ಲ, ಬ್ಯಾಂಕಿಗೂ ರಜೆ ಇರುತ್ತದೆ.

## ಹಂತ 1: ನಿಮ್ಮ ಮನೆಯ ಕ್ಯಾಲೆಂಡರ್‌ಗೆ ಗುರುತು ಹಾಕಿ

ಕಳ್ಳತನಕ್ಕೂ ಋತು ಇದೆ. ಅದು ಬಹುಪಾಲು ನಾವು ಮನೆ ಬಿಡುವ, ಒಡವೆ ತೆಗೆಯುವ, ಬೆಳೆ ಕೊಯ್ಯುವ ಋತು. ಕೆಂಪು ಪೆನ್ನು ಹಿಡಿದು ಕೂತುಕೊಳ್ಳಿ.

ಏಪ್ರಿಲ್, ಮೇ. ನಮ್ಮ ರಾಜ್ಯದ ಶಾಲೆಗಳಿಗೆ ಹೆಚ್ಚುಕಮ್ಮಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಒಂದೇ ಬೀದಿಯ ನಾಲ್ಕೈದು ಮನೆಗಳಿಗೆ ಒಟ್ಟಿಗೆ ಬೀಗ ಬೀಳುತ್ತದೆ. ಪೊಲೀಸರು 'ಕನ್ನ ಕಳವು' ಅನ್ನುವುದು ಇಂಥ ಮನೆ ಒಡೆದು ಮಾಡುವ ಕಳವಿಗೆ. ನಮಗೆಲ್ಲ ಇದು ಗೊತ್ತಿರುವ ಕಾಲ. ಗೊತ್ತಿಲ್ಲದ್ದು ಇನ್ನೊಂದಿದೆ. ಸೆಖೆ ತಡೆಯಲಾಗದೆ ಕಲಬುರಗಿ, ರಾಯಚೂರು ಕಡೆ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗುತ್ತಾರೆ. ಕೆಳಗೆ ಮನೆ ಖಾಲಿ. ಮೆಟ್ಟಿಲ ಬಾಗಿಲು ತೆರೆದಿರುತ್ತದೆ. ಜನ ಮನೆಯಲ್ಲೇ ಇದ್ದಾರೆ, ಆದರೂ ಕಳವಾಗುತ್ತದೆ.

ಜೂನ್‌ನಿಂದ ಆಗಸ್ಟ್. ಕರಾವಳಿ ಮತ್ತು ಮಲೆನಾಡಿನವರು ಈ ಮೂರು ತಿಂಗಳಿಗೆ ದಪ್ಪ ಗೆರೆ ಎಳೆಯಿರಿ. ಹೆಂಚಿನ ಮೇಲೆ, ಶೀಟಿನ ಮೇಲೆ ಮಳೆ ಸುರಿಯುವಾಗ ಪಕ್ಕದ ಕೋಣೆಯ ಸದ್ದೂ ಕೇಳಿಸುವುದಿಲ್ಲ. ಕರೆಂಟ್ ಹೋಗುತ್ತದೆ, ಅದರ ಜೊತೆ ಕ್ಯಾಮೆರಾ ಕೂಡ. ನಾಯಿ ಎಲ್ಲೋ ಮೂಲೆಯಲ್ಲಿ ಮುದುಡಿ ಮಲಗಿರುತ್ತದೆ. 2024ರ ಜುಲೈನಲ್ಲಿ ಮಂಗಳೂರಿನ ಕೋಟೆಕಣಿಯಲ್ಲಿ ಚಡ್ಡಿ ಗ್ಯಾಂಗ್ ಅನ್ನುವ ದರೋಡೆ ತಂಡ ಮನೆಗೆ ನುಗ್ಗಿ ವಯಸ್ಸಾದ ದಂಪತಿಯ ಮೇಲೆ ಹಲ್ಲೆ ಮಾಡಿ ದೋಚಿದ್ದು ಇಂಥದೇ ಮಳೆಗಾಲದ ಬೆಳಗಿನ ಜಾವದಲ್ಲಿ. ವಿಷಯ ಬೇಗ ತಿಳಿದಿದ್ದರಿಂದ ಪೊಲೀಸರು ಆ ಕಳ್ಳರನ್ನು ಕೆಲವೇ ಗಂಟೆಗಳಲ್ಲಿ ಸಕಲೇಶಪುರದಲ್ಲಿ ಹಿಡಿದರು.

ಶ್ರಾವಣ. ವರಮಹಾಲಕ್ಷ್ಮಿ ಹಬ್ಬ. ಲಾಕರಿನ ಒಡವೆಯೆಲ್ಲ ಮನೆಗೆ ಬಂದು ಅಮ್ಮನವರ ಮೈಮೇಲೆ ಇರುತ್ತದೆ. ಮುಂದೆ ತಟ್ಟೆಯಲ್ಲಿ ನೋಟಿನ ಕಟ್ಟು. ಕಲಶ ಕದಲಿಸುವುದು ಮರುದಿನ ಅಂತ ರಾತ್ರಿಯಿಡೀ ಹಾಲ್‌ನಲ್ಲಿ, ಕಿಟಕಿಯ ಎದುರಿಗೇ ಎಲ್ಲವೂ ಹಾಗೇ. ದೀಪ ಆರಬಾರದು ಅಂತ ಬೆಳಕೂ ಇರುತ್ತದೆ. ಒಂದು ಸಲ ಬೀದಿಯಲ್ಲಿ ನಿಂತು ನಿಮ್ಮ ಮನೆಯ ಕಿಟಕಿಯತ್ತ ನೋಡಿ. ಅಮ್ಮನವರ ಕೊರಳಿನ ಸರ ಎಷ್ಟು ಎಳೆ ಅಂತ ಎಣಿಸಬಹುದು.

ಅಕ್ಟೋಬರ್, ನವೆಂಬರ್. ದಸರಾ ರಜೆ, ಬೆನ್ನಿಗೆ ದೀಪಾವಳಿ. ಅಂಗಡಿಯವರು ಗಲ್ಲಾಪೆಟ್ಟಿಗೆಗೆ ಪೂಜೆ ಮಾಡಿ ದುಡ್ಡು ಅಲ್ಲೇ ಬಿಟ್ಟು ಹೋಗುವ ರಾತ್ರಿಯೂ ಇದೇ. ಪಟಾಕಿ ಸದ್ದಿನಲ್ಲಿ ಷಟರ್ ಎತ್ತಿದ ಸದ್ದು ಯಾರಿಗೂ ಕೇಳಿಸುವುದಿಲ್ಲ.

ನವೆಂಬರ್ ಮಧ್ಯದಿಂದ ಜನವರಿ. ಅಯ್ಯಪ್ಪನ ಮಾಲೆ, ಶಬರಿಮಲೆ ಯಾತ್ರೆ, ಮದುವೆಗಳು. ಧನುರ್ಮಾಸದಲ್ಲಿ ಬೆಳಗಿನ ಜಾವ ದೇವಸ್ಥಾನಕ್ಕೆ ಹೋಗುವ ರೂಢಿ. ಈ ಚಳಿಯಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಬಾಗಿಲ ಮುಂದೆ ಬಗ್ಗಿ ರಂಗೋಲಿ ಹಾಕುವ ಹೆಂಗಸರ ಸರ ಕಿತ್ತುಕೊಂಡು ಬೈಕಿನಲ್ಲಿ ಪರಾರಿಯಾಗುವ ಸುದ್ದಿ ಎಷ್ಟು ಸಲ ಓದಿದ್ದೇವೆ ಅಲ್ವಾ?

ಸುಗ್ಗಿ ಮತ್ತು ಜಾತ್ರೆ. ಅಡಿಕೆ, ಕಾಫಿ, ಮೆಣಸಿನ ಮನೆಗಳಿಗೆ ಬೇರೆಯೇ ಲೆಕ್ಕ. ಅದಕ್ಕೆ ಹಂತ 7 ನೋಡಿ. ಜಾತ್ರೆಗಳ ಕಾಲದಲ್ಲಿ ತೇರಿನ ನೂಕುನುಗ್ಗಲೇ ಸರಗಳ್ಳರಿಗೆ ಅನುಕೂಲ.

ಈಗ ನಿಮ್ಮ ಮನೆಯವೇ ಆದ ದಿನಗಳನ್ನು ಸೇರಿಸಿ: ಮದುವೆ, ಗೃಹಪ್ರವೇಶ, ತಿರುಪತಿ ಪ್ರಯಾಣ, ಮಗಳ ಬಾಣಂತನಕ್ಕೆ ಹೋಗುವುದು. ಪ್ರತಿ ಗುರುತಿನಿಂದ ಮೂರು ವಾರ ಹಿಂದಕ್ಕೆ ಇನ್ನೊಂದು ಗುರುತು ಹಾಕಿ. ಮುಂದಿನ ಹಂತಗಳು ಶುರುವಾಗಬೇಕಾದ ದಿನ ಅದು.

ಮದುವೆ ಮನೆಯವರಿಗೆ ಒಂದು ಮಾತು. ಆಮಂತ್ರಣ ಪತ್ರಿಕೆಯಲ್ಲಿ ನಿಮ್ಮ ವಿಳಾಸ ಇದೆ, ಯಾವ ದಿನ ಎಷ್ಟು ಹೊತ್ತಿಗೆ ಎಲ್ಲಿರುತ್ತೀರಿ ಅನ್ನುವುದೂ ಇದೆ. ವರಪೂಜೆಯ ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಮನೆಯಲ್ಲಿ ನಂಬಿಕಸ್ಥರೊಬ್ಬರು ಮಲಗಲೇಬೇಕು. ಛತ್ರದಲ್ಲಿ ಒಡವೆಯ ಬ್ಯಾಗನ್ನು ಒಬ್ಬರ ಹೆಸರಿಗೆ ಬರೆದುಬಿಡಿ. "ಎಲ್ರೂ ನೋಡ್ಕೋತಾರೆ" ಅಂದರೆ ಯಾರೂ ನೋಡುವುದಿಲ್ಲ.

## ಹಂತ 2: ಒಡವೆ, ನಗದು, ಕಾಗದಪತ್ರ ಮೊದಲು ಹೊರಗೆ (ಮೂರು ವಾರ ಮುಂಚೆ)

ಬಾಗಿಲು ಎಷ್ಟೇ ಗಟ್ಟಿ ಮಾಡಿದರೂ, ಹತ್ತು ದಿನ ಯಾರೂ ಇಲ್ಲದ ಮನೆಯನ್ನು ಒಡೆಯಲು ಸಮಯ ಸಿಕ್ಕೇ ಸಿಗುತ್ತದೆ. ಒಳಗೆ ಬಂದರೂ ಸಿಗಬಾರದು. ಅದಕ್ಕೇ ಇದು ಬಾಗಿಲಿಗಿಂತ ಮೊದಲು.

ಮೊದಲು ಪಟ್ಟಿ ಮಾಡಿ. ಪ್ರತಿ ಒಡವೆಯನ್ನು ಬಿಳಿ ಬಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ತೂಕ ಬರೆಯಿರಿ. ಹೊಸ ಒಡವೆಯಲ್ಲಿ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಗೇ ಕೊಟ್ಟ ಗುರುತಿನ ಸಂಖ್ಯೆ ಇರುತ್ತದೆ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರುವ ಹಾಲ್‌ಮಾರ್ಕ್ ಒಡವೆಗೆ ಇದು ಕಡ್ಡಾಯ. ಅದನ್ನೂ ಬರೆದಿಡಿ. ಅಜ್ಜಿ ಕಾಲದ ಒಡವೆಯಲ್ಲಿ ಇದು ಇರುವುದಿಲ್ಲ. ಅಂಥದ್ದಕ್ಕೆ ಗುರುತು ಬರೆಯಿರಿ: ಅವಲಕ್ಕಿ ಸರದ ಕೊಂಡಿ ಬೆಸೆದದ್ದು, ಓಲೆಯ ಒಂದು ಹರಳು ಬದಲಿಸಿದ್ದು, ಗುಂಡುಗಳ ಎಣಿಕೆ. ಮುಂದೆ ಎಂದಾದರೂ "ಇದು ನಮ್ಮದೇ" ಅಂತ ಹೇಳಬೇಕಾಗಿ ಬಂದರೆ ಇದೇ ಆಧಾರ. ಟಿವಿ, ಲ್ಯಾಪ್‌ಟಾಪ್‌ಗಳ ಸೀರಿಯಲ್ ನಂಬರ್ ಮತ್ತು ಮೊಬೈಲಿನ ಐಎಂಇಐ (ಆ ಫೋನಿನ ಗುರುತಿನ) ನಂಬರ್ ಕೂಡ ಬೇಕು. ಮೊಬೈಲಿನಲ್ಲಿ *#06# ಒತ್ತಿದರೆ ಅದು ಕಾಣಿಸುತ್ತದೆ. ಪಟ್ಟಿಯ ಒಂದು ಪ್ರತಿ ಬೇರೆ ಮನೆಯಲ್ಲಿರಲಿ.

ಆಮೇಲೆ ಬ್ಯಾಂಕ್ ಲಾಕರ್. ಲಾಕರಿನಲ್ಲಿ ಇಟ್ಟರೆ ಬ್ಯಾಂಕ್ ಪೂರ್ತಿ ಹೊಣೆ ಅಂತ ಅನೇಕರು ತಿಳಿದಿದ್ದಾರೆ, ಹಾಗಿಲ್ಲ. 2022ರ ಜನವರಿ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಬ್ಯಾಂಕಿನಲ್ಲಿ ಕಳವು, ಬೆಂಕಿ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಅದರ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ. ಬಾಡಿಗೆ 3,000 ರೂಪಾಯಿ ಆದರೆ 3 ಲಕ್ಷ. ಹಾಗಂತ ಲಾಕರ್ ಬೇಡ ಅನ್ನುತ್ತಿಲ್ಲ. ಬೀಗ ಹಾಕಿದ ಮನೆಗಿಂತ ಅದು ಎಷ್ಟೋ ಮೇಲು. ಒಡವೆ ಜಾಸ್ತಿ ಇದ್ದರೆ ಅದಕ್ಕೆ ಬೇರೆ ವಿಮೆ ಮಾಡಿಸಿ.

ವಿಮೆಯ ವಿಷಯದಲ್ಲೂ ಒಂದು ದೊಡ್ಡ ತಪ್ಪು ಕಲ್ಪನೆ ಇದೆ. 'ಭಾರತ್ ಗೃಹ ರಕ್ಷಾ' ಅನ್ನುವ ಮನೆ ವಿಮೆ ಮುಖ್ಯವಾಗಿ ಬೆಂಕಿ, ನೆರೆ, ಭೂಕಂಪದಂಥವಕ್ಕೆ. ಅಂಥ ಅನಾಹುತ ಆದ 7 ದಿನಗಳೊಳಗೆ, ಅದರ ಕಾರಣದಿಂದಲೇ ಆದ ಕಳವಿಗೆ ಮಾತ್ರ ಅದರಲ್ಲಿ ರಕ್ಷಣೆ. ಸುಮ್ನೆ ಊರಿಗೆ ಹೋದಾಗ ಆದ ಕಳವಿಗೆ ಪ್ರತ್ಯೇಕ ಕಳವು ವಿಮೆ ಬೇಕು. ಇಷ್ಟು ದಿನಕ್ಕಿಂತ ಜಾಸ್ತಿ ಮನೆ ಖಾಲಿ ಬಿಟ್ಟರೆ ಪರಿಹಾರ ಇಲ್ಲ ಅನ್ನುವ ಷರತ್ತು ಹಲವು ಪಾಲಿಸಿಗಳಲ್ಲಿ ಇರುತ್ತದೆ. ಆ ಸಾಲನ್ನು ಹುಡುಕಿ ಓದಿ.

ಸಾಮಾನ್ಯ ತಪ್ಪು: ಅಕ್ಕಿ ಡಬ್ಬ, ದೇವರ ಕೋಣೆ, ಹಾಸಿಗೆ ಅಡಿ, ಹಳೆ ಸೂಟ್‌ಕೇಸ್. ನಾವು ಗುಟ್ಟು ಅಂದುಕೊಂಡ ಜಾಗಗಳು ಎಲ್ಲ ಮನೆಯಲ್ಲೂ ಅವೇ. ಬೀರುವಿನ ಕೀ ಬೀರುವಿನ ತಲೆಯ ಮೇಲೇ ಇರುವುದೂ ಎಲ್ಲ ಮನೆಯ ಕಥೆ.

## ಹಂತ 3: ಬೀಗಕ್ಕಿಂತ ಮೊದಲು ಕೊಂಡಿ, ಚೌಕಟ್ಟು, ಹಿತ್ತಲು (ಎರಡು ವಾರ ಮುಂಚೆ)

ಕೆಲವು ವರ್ಷದ ಹಿಂದೆ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಕಳವಾಯಿತು. ಸುದ್ದಿ ತಿಳಿದು ಓಡಿಹೋದಾಗ ನಾನು ನೋಡಿದ್ದು ಹಿಂಬಾಗಿಲ ಮೆಟ್ಟಿಲ ಮೇಲೆ ಬಿದ್ದಿದ್ದ ಬೀಗ. ಹಿತ್ತಾಳೆಯ ದೊಡ್ಡ ಬೀಗ, ಒಂದು ಗೀರೂ ಇರಲಿಲ್ಲ. ಇನ್ನೂ ಹಾಕಿಕೊಂಡೇ ಇತ್ತು. ಅದಕ್ಕೆ ಕೊಂಡಿ ಅಂಟಿಕೊಂಡಿತ್ತು. ಕೊಂಡಿಯಲ್ಲಿ ನಾಲ್ಕು ಸ್ಕ್ರೂ, ಒಂದೊಂದೂ ಮುಕ್ಕಾಲು ಇಂಚು, ತುದಿಯಲ್ಲಿ ಚೂರು ಮರದ ಪುಡಿ. ಒಂದು ಕಬ್ಬಿಣದ ರಾಡ್ ಸಂದಿಗೆ ತೂರಿಸಿ ಎಳೆದಿದ್ದಾರೆ, ಅಷ್ಟೇ. ಚಿಕ್ಕಮ್ಮ ಆ ಬೀಗವನ್ನು ಆಮೇಲೂ ಎಷ್ಟೋ ದಿನ ಕೈಯಲ್ಲಿ ಹಿಡಿದು ನೋಡುತ್ತಿದ್ದರು. "ಬೀಗ ಗಟ್ಟಿಯಾಗೇ ಇತ್ತು ಕಣೋ" ಅನ್ನುತ್ತಿದ್ದರು.

ಹಾಗಾಗಿ ಸ್ಕ್ರೂ ಡ್ರೈವರ್ ತಗೊಂಡು ಮೊದಲು ಕೊಂಡಿಯ ಒಂದು ಸ್ಕ್ರೂ ಬಿಚ್ಚಿ ನೋಡಿ. ಒಂದು ಇಂಚಿಗಿಂತ ಚಿಕ್ಕದಿದ್ದರೆ ಬದಲಿಸಿ. ಇನ್ನೂ ಒಳ್ಳೆಯದು ಬೋಲ್ಟು: ಗುಂಡು ತಲೆ ಹೊರಗೆ, ನಟ್ಟು ಒಳಗೆ. ಹೊರಗಿನಿಂದ ಅದನ್ನು ತಿರುಗಿಸಿ ಬಿಚ್ಚಲು ಆಗುವುದಿಲ್ಲ. ಚೌಕಟ್ಟಿನ ಕಡೆಯ ತಗಡಿಗೆ ಮೂರು ಇಂಚಿನ ಸ್ಕ್ರೂ ಹಾಕಿಸಿ. ಚೌಕಟ್ಟು ಗೆದ್ದಲು ಹಿಡಿದಿದ್ದರೆ, ಬಡಗಿ ಉಳಿ ಚುಚ್ಚಿದಾಗ ಪುಡಿ ಉದುರಿದರೆ, ಯಾವ ಬೀಗವೂ ನಿಲ್ಲುವುದಿಲ್ಲ. ಮೊದಲು ಆ ತುಂಡು ಮರ ಬದಲಿಸಿ.

ಆಮೇಲೆ ಮನೆಯನ್ನು ಎರಡು ಸಲ ಸುತ್ತಿ ಬನ್ನಿ. ಒಂದು ಸಲ ಹಗಲು, ಒಂದು ಸಲ ರಾತ್ರಿ ಹನ್ನೊಂದಕ್ಕೆ. ಕೀ ಕಳೆದುಕೊಂಡು ಹೊರಗೆ ನಿಂತಿದ್ದೀರಿ ಅಂದುಕೊಳ್ಳಿ. ಎಲ್ಲಿಂದ ಒಳಗೆ ಹೋಗುತ್ತೀರಿ? ಮನಸ್ಸಿಗೆ ಮೊದಲು ಬಂದ ಜಾಗವೇ ನಿಮ್ಮ ಮನೆಯ ದುರ್ಬಲ ಜಾಗ. ಸಾಮಾನ್ಯವಾಗಿ ಸಿಗುವುದು ಇವು:

- ಮುಂಬಾಗಿಲು ತೇಗದ್ದು, ಹಿಂಬಾಗಿಲು ತೆಳು ಹಲಗೆಯದ್ದು. ಹಿಂಬಾಗಿಲಿಗೆ ಒಳಗಿನಿಂದ ಕಬ್ಬಿಣದ ಅಡ್ಡಪಟ್ಟಿ ಹಾಕಿಸಿ.
- ಟೆರೇಸಿನ ಬಾಗಿಲು. ಪಕ್ಕದ ಕಟ್ಟಡದಿಂದ ದಾಟಿ ಬರಬಹುದಾದರೆ ಅದೂ ಮುಂಬಾಗಿಲಿನಷ್ಟೇ ಗಟ್ಟಿ ಇರಬೇಕು.
- ಬಚ್ಚಲಮನೆಯ ವೆಂಟಿಲೇಟರ್. ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಸದ್ದಿಲ್ಲದೆ ಎಳೆದು ತೆಗೆಯಬಹುದು. ಒಳಗೆ ಗ್ರಿಲ್ ಬೇಕು.
- ಕಿಟಕಿಯಿಂದ ಕೈ ಹಾಕಿದರೆ ಸಿಗುವ ಬಾಗಿಲ ಚಿಲಕ. ಕಿಟಕಿಗೆ ಮೆಶ್ ಹೊಡೆಸಿ, ಇಲ್ಲವೇ ಚಿಲಕದ ಜಾಗ ಬದಲಿಸಿ.
- ಹೊರಗಿನಿಂದ ಸ್ಕ್ರೂ ಹೊಡೆದ ಕಿಟಕಿ ಗ್ರಿಲ್. ಸ್ಕ್ರೂ ತಲೆಗಳನ್ನು ವೆಲ್ಡಿಂಗ್‌ನವರಿಂದ ಬೆಸೆಸಿ.
- ಹಿತ್ತಲಲ್ಲಿ ಬಿದ್ದಿರುವ ಏಣಿ, ಹಾರೆ, ಗುದ್ದಲಿ. ಕಳ್ಳನಿಗೆ ನಮ್ಮ ಸಾಮಾನನ್ನೇ ಕೊಟ್ಟಂತೆ. ಒಳಗಿಡಿ.

ಮುಂಬಾಗಿಲಿಗೆ ನೇತಾಡುವ ಬೀಗಕ್ಕಿಂತ ಬಾಗಿಲೊಳಗೇ ಕೂರುವ ಒಳಬೀಗ ಒಳ್ಳೆಯದು. ರಸ್ತೆಯಿಂದ ನೋಡಿದರೆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ. ಗೇಟಿಗೆ ಬೀಗವನ್ನು ಒಳಮುಖವಾಗಿ ಹಾಕಿ, ಮನೆಯಲ್ಲಿ ಇರುವ ದಿನಗಳಲ್ಲೂ ಹಾಕಿ. ಆಗ ಇದ್ದ ದಿನಕ್ಕೂ ಇಲ್ಲದ ದಿನಕ್ಕೂ ವ್ಯತ್ಯಾಸ ಕಾಣದು.

## ಹಂತ 4: ಮನೆ ಖಾಲಿ ಅಂತ ಕಾಣಬಾರದು (ಒಂದು ವಾರ ಮುಂಚೆ)

ನಮ್ಮ ಬೀದಿಗಳಲ್ಲಿ ಮನೆ ಖಾಲಿ ಅಂತ ಮೊದಲು ಹೇಳುವುದು ಬೀಗ ಅಲ್ಲ, ಅಂಗಳ. ಎಲ್ಲರ ಮನೆ ಮುಂದೆ ತೊಳೆದು ರಂಗೋಲಿ ಹಾಕಿದೆ, ಒಂದು ಮನೆ ಮುಂದೆ ಮಾತ್ರ ನಾಲ್ಕು ದಿನದ ಹಳೆ ರಂಗೋಲಿ ಅರ್ಧ ಅಳಿಸಿ, ಮೇಲೆ ಒಣಗಿದ ಎಲೆ ಬಿದ್ದಿದೆ. ಬೈಕಿನಲ್ಲಿ ಒಂದು ಸುತ್ತು ಹೋದವನಿಗೆ ಇನ್ನೇನು ಬೇಕು? ಕೆಲಸದವರಿಗೋ ಎದುರು ಮನೆಯವರಿಗೋ ಹೇಳಿ ದಿನಾ ಎರಡು ಚೊಂಬು ನೀರು ಹಾಕಿ ನಾಲ್ಕು ಗೆರೆ ಎಳೆಸಿ. ಕೆಲಸದವರಿಗೆ ಇದಕ್ಕೆ ಬೇರೆ ದುಡ್ಡು ಕೊಡಿ, ಪುಕ್ಕಟೆ ಮಾಡಿಸಬೇಡಿ.

ಪೇಪರ್ ಮತ್ತು ಹಾಲು ನಿಲ್ಲಿಸಿ. ಹೇಗೆ ನಿಲ್ಲಿಸುತ್ತೀರಿ ಅನ್ನುವುದೂ ಮುಖ್ಯ. "ಹತ್ತು ದಿನ ಊರಲ್ಲಿ ಇರಲ್ಲಪ್ಪ" ಅಂತ ಬೀದಿಯಲ್ಲಿ ನಿಂತು ಹೇಳಬೇಡಿ. "ಸದ್ಯಕ್ಕೆ ಬೇಡ, ಬೇಕಾದಾಗ ಫೋನ್ ಮಾಡ್ತೀನಿ" ಅಂದರೆ ಸಾಕು.

ವರಾಂಡದ ದೀಪ ಹಗಲೂ ರಾತ್ರಿ ಉರಿಯುತ್ತಿದ್ದರೆ ಅದು ಕಾವಲಲ್ಲ, ಮನೆಯಲ್ಲಿ ಯಾರೂ ಇಲ್ಲ ಅನ್ನುವ ಬೋರ್ಡು. ಟೈಮರ್ ಸಾಕೆಟ್‌ಗೆ ಒಳಕೋಣೆಯ ಬಲ್ಬ್ ಜೋಡಿಸಿ: ಸಂಜೆ ಆರೂವರೆಗೆ ಹತ್ತಿ ರಾತ್ರಿ ಹತ್ತಕ್ಕೆ ಆರಲಿ. ಇನ್ನೊಂದು ಕೋಣೆಯದು ಹನ್ನೊಂದಕ್ಕೆ ಆರಲಿ. ಹೊರಡುವ ಮುನ್ನ ಮೂರು ರಾತ್ರಿ ಪರೀಕ್ಷೆ ಮಾಡಿ. ಕರೆಂಟ್ ಹೋಗಿ ಬಂದರೆ ಕೆಲವು ಟೈಮರ್‌ಗಳ ಗಡಿಯಾರ ತಪ್ಪುತ್ತದೆ.

ಬಾಗಿಲ ಬಳಿ ಹಳೆಯ ಚಪ್ಪಲಿ ಎರಡು ಜೊತೆ, ತಂತಿಯ ಮೇಲೆ ಒಂದು ಟವಲ್. ಗೇಟಿಗೆ ಸಿಕ್ಕಿಸಿದ ಪಾಂಪ್ಲೆಟ್‌ಗಳನ್ನು ದಿನಾ ತೆಗೆಯಲು ಯಾರಿಗಾದರೂ ಹೇಳಿ. ಅದು ಎಷ್ಟು ದಿನ ಅಲ್ಲೇ ಇದೆ ಅಂತ ನೋಡಿ ಮನೆ ಗುರುತಿಸುವುದುಂಟು.

ಮೊಬೈಲ್ ಸ್ಟೇಟಸ್ ಬಗ್ಗೆ ಎಲ್ಲರಿಗೂ ಗೊತ್ತು, ಯಾರೂ ಪಾಲಿಸುವುದಿಲ್ಲ. ವಿಮಾನ ನಿಲ್ದಾಣದ ಸೆಲ್ಫಿ, ಊಟಿಯ ಫೋಟೊ ಎಲ್ಲ ವಾಪಸ್ ಬಂದ ಮೇಲೆ. ವರಮಹಾಲಕ್ಷ್ಮಿಯ ಫೋಟೊ ಹಾಕುವುದಿದ್ದರೆ ಒಡವೆ ಲಾಕರ್ ಸೇರಿದ ಮೇಲೆ ಹಾಕಿ. ಮಕ್ಕಳಿಗೂ ಕೂರಿಸಿ ಹೇಳಿ.

## ಹಂತ 5: ನೆರೆಯವರಿಗೆ ಕೆಲಸ ಹಂಚಿ, ಠಾಣೆಗೆ ತಿಳಿಸಿ (ಮೂರು ದಿನ ಮುಂಚೆ)

ಚಿಕ್ಕಮ್ಮನ ಪಕ್ಕದ ಮನೆಯವರು ಅವತ್ತು ಅಳುತ್ತಾ ನಿಂತಿದ್ದರು. "ನಾನು ದಿನಾ ನೋಡ್ತಿದ್ದೆ ಕಣ್ರೀ, ಗೇಟಿನ ಬೀಗ ಹಾಗೇ ಇತ್ತು." ಅವರು ಸುಳ್ಳು ಹೇಳಲಿಲ್ಲ. ಹಿತ್ತಲಿಗೆ ಹೋಗಿ ನೋಡಿ ಅಂತ ನಾವು ಯಾರೂ ಹೇಳಿರಲಿಲ್ಲ.

"ಸ್ವಲ್ಪ ಮನೆ ಕಡೆ ನೋಡ್ಕೊಳ್ಳಿ" ಅಂದರೆ ಏನೂ ಹೇಳಿದಂತಲ್ಲ. ಬೆಳಿಗ್ಗೆ ಒಂದು ಸಲ ಹಿಂಬಾಗಿಲು, ಕಿಟಕಿ ನೋಡುವುದು. ಬಾಗಿಲ ಬಳಿ ಬಿದ್ದ ಕಾಗದ ತೆಗೆಯುವುದು. ಅವರ ಗಾಡಿ ಇದ್ದರೆ ಕೆಲವೊಮ್ಮೆ ನಿಮ್ಮ ಗೇಟಿನ ಮುಂದೆ ನಿಲ್ಲಿಸುವುದು. ಏನಾದರೂ ಅನುಮಾನ ಬಂದರೆ ನಿಮಗೆ ಫೋನ್ ಮಾಡುವ ಮೊದಲು ತುರ್ತು ನಂಬರ್ 112ಕ್ಕೆ ಮಾಡುವುದು. ಈ ನಾಲ್ಕನ್ನು ಬಿಡಿಸಿ ಹೇಳಿ, ಬರೆದೇ ಕೊಡಿ. ಅವರು ಊರಿಗೆ ಹೋದಾಗ ನೀವೂ ಇದೇ ನಾಲ್ಕು ಕೆಲಸ ಮಾಡಿ.

ಠಾಣೆಗೆ ತಿಳಿಸಲು ಹಿಂಜರಿಯಬೇಡಿ. ಎಷ್ಟು ದಿನ ಇರುವುದಿಲ್ಲ, ವಿಳಾಸ, ಹೊರಗೆ ನಿಂತಿರುವ ಗಾಡಿಯ ನಂಬರ್, ನಿಮ್ಮ ಫೋನ್, ಕೀ ಯಾರ ಹತ್ತಿರ ಇದೆ: ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ನಿಮ್ಮ ಬೀದಿಯ ಬೀಟ್ ಪೊಲೀಸರ ಹೆಸರು, ನಂಬರ್ ಕೇಳಿ ಪಡೆಯಿರಿ. ಬೀಗ ಹಾಕಿದ ಮನೆಗಳ ಮಾಹಿತಿ ಕೊಡಿ ಅಂತ ರಜೆ ಕಾಲದಲ್ಲಿ ಪೊಲೀಸರೇ ಕೇಳುತ್ತಿರುತ್ತಾರೆ.

ಈ ಲಕ್ಷಣಗಳನ್ನು ಕಂಡರೆ ಹಗುರವಾಗಿ ತೆಗೆದುಕೊಳ್ಳಬೇಡಿ: ಹಗಲು ಹೊತ್ತು ಕಾಲಿಂಗ್ ಬೆಲ್ ಒತ್ತಿ, ಬಾಗಿಲು ತೆಗೆದರೆ ಯಾವುದೋ ಹೆಸರು ಕೇಳಿ ಹೊರಟುಹೋಗುವವರು. ಒಡವೆ ಪಾಲಿಶ್ ಮಾಡಿಕೊಡುತ್ತೇವೆ ಅನ್ನುವವರು. ಬೀದಿ ದೀಪ ಒಂದೇ ಕಡೆ ಮತ್ತೆ ಮತ್ತೆ ಆರುವುದು. ಸಾಕಿದ ನಾಯಿಗೆ ಯಾರೋ ಏನೋ ತಿನ್ನಿಸಿದಂತಾಗಿ ಹುಷಾರು ತಪ್ಪುವುದು. ನಂಬರ್ ಪ್ಲೇಟ್ ಮುಚ್ಚಿದ ಬೈಕ್ ಎರಡು ಮೂರು ಸಲ ಸುತ್ತುವುದು. ಗಾಡಿಯ ಫೋಟೊ ತೆಗೆಯಿರಿ, 112ಕ್ಕೆ ಹೇಳಿ. ಅಡ್ಡಗಟ್ಟಲು ಹೋಗಬೇಡಿ. ಹಾಗೆಯೇ, ಬಡವರು ಅಥವಾ ಬೇರೆ ಊರಿನವರು ಅನ್ನುವುದೊಂದೇ ಕಾರಣಕ್ಕೆ ಯಾರನ್ನೂ ಹಿಡಿದು ಹೊಡೆಯುವ ಗುಂಪಿಗೆ ಸೇರಬೇಡಿ. ಕಳವಾದ ಕೂಡಲೇ ಮನೆಕೆಲಸದವರ ಕಡೆ ಬೆರಳು ತೋರಿಸುವ ಅಭ್ಯಾಸವೂ ತಪ್ಪು. ಹತ್ತು ವರ್ಷ ನಮ್ಮ ಪಾತ್ರೆ ತೊಳೆದವರನ್ನು ಒಂದು ಮಾತಿನಲ್ಲಿ ಕಳ್ಳರನ್ನಾಗಿ ಮಾಡಿಬಿಡುತ್ತೇವೆ.

## ಹಂತ 6: ಈಗ ಕ್ಯಾಮೆರಾ

ಮೇಲಿನ ಐದೂ ಮುಗಿದಿದ್ದರೆ ಕ್ಯಾಮೆರಾ ಹಾಕಿಸಿ. ಅದು ಕಳ್ಳನನ್ನು ತಡೆಯುವುದಕ್ಕಿಂತ ಆಮೇಲೆ ಹಿಡಿಯಲು ಸಹಾಯ ಮಾಡುತ್ತದೆ. ಮಂಕಿ ಕ್ಯಾಪ್ ಹಾಕಿ ಬರುವವನಿಗೆ ಅದರ ಹೆದರಿಕೆ ಕಡಿಮೆ.

ಕ್ಯಾಮೆರಾವನ್ನು ತೀರಾ ಎತ್ತರಕ್ಕೆ ಹಾಕಿದರೆ ತಲೆ ಮಾತ್ರ ಕಾಣುತ್ತದೆ. ಒಂದಾದರೂ ಗೇಟಿನತ್ತ, ಮುಖ ಮತ್ತು ಗಾಡಿ ನಂಬರ್ ಕಾಣುವಂತೆ ಇರಲಿ. ಇನ್ನೊಂದು ಹಿತ್ತಲಿಗೆ. ರೆಕಾರ್ಡ್ ಆಗುವ ಡಿವಿಆರ್ ಪೆಟ್ಟಿಗೆಯನ್ನು ಟಿವಿ ಕೆಳಗೆ ಇಡಬೇಡಿ. ಅದನ್ನೇ ಕಿತ್ತುಕೊಂಡು ಹೋಗುತ್ತಾರೆ. ಅಟ್ಟದಲ್ಲೋ ಮುಚ್ಚಿದ ಕಪಾಟಿನಲ್ಲೋ ಇಡಿ, ದೃಶ್ಯ ಮೊಬೈಲಿಗೂ ಬರುವಂತೆ ಮಾಡಿಸಿ. ಯುಪಿಎಸ್‌ಗೆ ಡಿವಿಆರ್ ಜೊತೆ ಇಂಟರ್ನೆಟ್ ರೂಟರ್ ಕೂಡ ಜೋಡಿಸಿ. ಪರದೆಯ ಮೇಲಿನ ತಾರೀಖು, ಸಮಯ ಸರಿ ಇದೆಯೇ ನೋಡಿ. ಹೊರಡುವ ಹಿಂದಿನ ರಾತ್ರಿ ಗೇಟಿನಿಂದ ನಡೆದು ಬಂದು, ಆ ದೃಶ್ಯದಲ್ಲಿ ನಿಮ್ಮ ಮುಖ ನಿಮಗೇ ಗುರುತು ಸಿಗುತ್ತದೆಯೇ ಅಂತ ಪರೀಕ್ಷಿಸಿ. ಸಿಗದಿದ್ದರೆ ಜಾಗ ಬದಲಿಸಿ.

## ಹಂತ 7: ತೋಟ, ಕಣ, ಹೊಲದ ಮನೆಯವರಿಗೆ

ಇಲ್ಲಿ ಕ್ಯಾಲೆಂಡರ್ ನಡೆಸುವುದು ಬೆಲೆ. ಬೆಲೆ ಏರಿತು ಅಂದರೆ ಕಳವೂ ಬಂತು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಬೇಲೂರು ತಾಲ್ಲೂಕಿನಲ್ಲಿ ಹೊಲದಿಂದಲೇ ರಾತ್ರೋರಾತ್ರಿ ಟೊಮೆಟೊ ಕಿತ್ತುಕೊಂಡು ಹೋಗಿದ್ದು ನೆನಪಿರಬಹುದು. ಹಬ್ಬಗಳ ಮುಂಚೆ ಕುರಿ, ಮೇಕೆಗೂ ಇದೇ ಗತಿ.

ಕರಾವಳಿಯಲ್ಲಿ ಚಾಲಿ ಅಡಿಕೆ (ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸುವ ಹಣ್ಣಡಿಕೆ) ವಾರಗಟ್ಟಲೆ ಅಂಗಳದಲ್ಲೇ ಒಣಗುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ ಅರೇಬಿಕಾ ಕಾಫಿ ಕೊಯ್ಲು ಸುಮಾರು ನವೆಂಬರ್‌ನಿಂದ, ರೋಬಸ್ಟಾ ಜನವರಿಯಿಂದ, ಬೆನ್ನಿಗೇ ಕರಿಮೆಣಸು. ಅಂದರೆ ನಾಲ್ಕೈದು ತಿಂಗಳು ಕಣದಲ್ಲಿ ಯಾವಾಗಲೂ ಏನಾದರೂ ಇರುತ್ತದೆ.

1. ಒಣಗಿದ್ದನ್ನು ಕಣದಲ್ಲಿ ಒಂದು ರಾತ್ರಿಯೂ ಹೆಚ್ಚಿಗೆ ಬಿಡಬೇಡಿ. ಚೀಲ ತುಂಬಿ ಅವತ್ತೇ ಒಳಗೆ ಹಾಕಿ.
2. ಚೀಲ ಎಣಿಸಿ, ತೂಕ ಮಾಡಿ, ದಿನಾಂಕದ ಜೊತೆ ಬರೆಯಿರಿ. ಹತ್ತು ಕಿಲೋ ಹತ್ತು ಕಿಲೋ ಅಂತ ಕಾಣೆಯಾಗುವುದು ಲೆಕ್ಕ ಇಲ್ಲದ ಕಡೆ ಗೊತ್ತೇ ಆಗುವುದಿಲ್ಲ.
3. ಚೀಲದ ಒಳಮಗ್ಗುಲಿಗೆ ಬಣ್ಣದಿಂದ ನಿಮ್ಮದೇ ಗುರುತು ಹಾಕಿ. ಹೊರಗಿನ ಗುರುತನ್ನು ಅಳಿಸಿಬಿಡಬಹುದು.
4. ಬೇಸಿಗೆಯಲ್ಲಿ ಪಂಪ್‌ಸೆಟ್ ಕೇಬಲ್ ಮೇಲೆ ಕಣ್ಣಿಡಿ. ಒಳಗಿನ ತಾಮ್ರಕ್ಕಾಗಿ ಕತ್ತರಿಸುತ್ತಾರೆ. ಕೇಬಲನ್ನು ಪೈಪಿನೊಳಗೆ ಹಾಕಿ ನೆಲದಲ್ಲಿ ಹೂಳಿಸಿ, ಸ್ಟಾರ್ಟರ್‌ಗೆ ಕಬ್ಬಿಣದ ಪೆಟ್ಟಿಗೆ ಮಾಡಿಸಿ.
5. ಫಸಲು ಮಾರಿದ ದುಡ್ಡನ್ನು ಖಾತೆಗೇ ಹಾಕಿಸಿಕೊಳ್ಳಿ. ಬ್ಯಾಂಕಿನಿಂದ ನಗದು ತಂದರೆ ದಾರಿಯಲ್ಲಿ ಎಲ್ಲೂ ನಿಲ್ಲಬೇಡಿ. "ನಿಮ್ಮ ದುಡ್ಡು ಬಿದ್ದಿದೆ", "ಟೈರ್ ಪಂಕ್ಚರ್ ಆಗಿದೆ", "ಬಟ್ಟೆ ಮೇಲೆ ಏನೋ ಗಲೀಜು" ಅಂದ ಕೂಡಲೇ ಮೊದಲು ಚೀಲವನ್ನು ಎದೆಗವಚಿಕೊಳ್ಳಿ.

ರಾತ್ರಿ ಕಣ ಕಾಯುವುದಾದರೆ ಇಬ್ಬರು ಇರಿ. ಕಳ್ಳರು ಬಂದರೆ ದೀಪ ಹಾಕಿ, ಕೂಗಿ, ಫೋನ್ ಮಾಡಿ. ಹಿಂದೆ ಓಡಬೇಡಿ. ಅಡಿಕೆ ಮುಂದಿನ ವರ್ಷ ಮತ್ತೆ ಬರುತ್ತದೆ.

## ಹಂತ 8: ಹೊರಡುವ ದಿನ

ಲಗೇಜನ್ನು ಆದಷ್ಟು ಗೇಟಿನ ಒಳಗೇ ಗಾಡಿಗೆ ತುಂಬಿ. ಗ್ಯಾಸ್, ನೀರಿನ ಮೋಟರ್ ಆರಿಸಿ. ಮೇನ್ ಸ್ವಿಚ್ ಆರಿಸಿದರೆ ಟೈಮರ್ ದೀಪ, ಕ್ಯಾಮೆರಾ ಎರಡೂ ನಿಲ್ಲುತ್ತವೆ, ಇದು ತುಂಬ ಜನ ಮಾಡುವ ತಪ್ಪು. ಬೇಕಿಲ್ಲದ ಸಾಲುಗಳನ್ನು ಮಾತ್ರ ಆರಿಸಿ. ಮಹಡಿಯಿಂದ ಶುರು ಮಾಡಿ ಕೆಳಗೆ ಬನ್ನಿ: ಟೆರೇಸ್ ಬಾಗಿಲು, ಕಿಟಕಿಗಳು, ಹಿಂಬಾಗಿಲು, ಮುಂಬಾಗಿಲು. ಪ್ರತಿಯೊಂದನ್ನೂ ಹಾಕಿದ ಮೇಲೆ ಒಂದು ಫೋಟೊ ತೆಗೆಯಿರಿ. ದಾರಿಯಲ್ಲಿ "ಹಿಂಬಾಗಿಲು ಹಾಕಿದ್ನಾ?" ಅನ್ನುವ ಚಿಂತೆ ಬಂದಾಗ ನೋಡಿಕೊಳ್ಳಬಹುದು. ಕೀಯನ್ನು ಮೀಟರ್ ಬಾಕ್ಸ್, ಹೂಕುಂಡ, ಶೂ ಒಳಗೆ ಇಡಬೇಡಿ.

## ಹಂತ 9: ವಾಪಸ್ ಬಂದಾಗ ಬಾಗಿಲು ತೆರೆದಿದ್ದರೆ

ಒಳಗೆ ಹೋಗಬೇಡಿ. ಕಳ್ಳರು ಇನ್ನೂ ಒಳಗೇ ಇರಬಹುದು. ಗೇಟಿನ ಹೊರಗೆ ನಿಂತು 112ಕ್ಕೆ ಫೋನ್ ಮಾಡಿ.

ಪೊಲೀಸರು ಬರುವವರೆಗೆ ಏನನ್ನೂ ಮುಟ್ಟಬೇಡಿ. ಕೆಳಗೆ ಚೆಲ್ಲಿದ ಬಟ್ಟೆ ಮಡಚಿಡುವುದು, ನೆಲ ಗುಡಿಸುವುದು, ನೆಂಟರನ್ನೆಲ್ಲ ಒಳಗೆ ಕರೆದು ತೋರಿಸುವುದು: ಸಂಕಟದಲ್ಲಿ ಎಲ್ಲರೂ ಮಾಡುವುದು ಇದನ್ನೇ. ಬೆರಳಚ್ಚು ತಜ್ಞರು, ಶ್ವಾನದಳ ಬರುವ ಹೊತ್ತಿಗೆ ಗುರುತು ಉಳಿದಿರುವುದಿಲ್ಲ.

ದೂರು ಬರೆಯುವಾಗ ಹಂತ 2ರ ಪಟ್ಟಿ ಪಕ್ಕದಲ್ಲಿರಲಿ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಪೊಲೀಸ್, ಕೋರ್ಟಿನ ವಿಧಾನ ಹೇಳುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ 3 ದಿನದೊಳಗೆ ಸಹಿ ಮಾಡಬೇಕು. ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ (ಅಪರಾಧ, ಶಿಕ್ಷೆ ಹೇಳುವ ಕಾನೂನು) ಯಾವ ಕಲಂ ಇದೆ ನೋಡಿ. ಬರೀ ಕಳವಿಗೆ 303. ವಾಸದ ಮನೆಯಲ್ಲಿ ಕಳವಿಗೆ 305, ಅದಕ್ಕೆ 7 ವರ್ಷದವರೆಗೆ ಶಿಕ್ಷೆ. ಮನೆ ಒಡೆದು ನುಗ್ಗಿದ್ದಕ್ಕೆ 331. ಅದರಲ್ಲೂ ರಾತ್ರಿ ಹೊತ್ತು ಕಳವಿಗಾಗಿ ಒಡೆದಿದ್ದರೆ 14 ವರ್ಷದವರೆಗೆ. ಬಾಗಿಲು ಮುರಿದಿದ್ದರೂ 303 ಮಾತ್ರ ಹಾಕಿದ್ದರೆ ಯಾಕೆ ಅಂತ ವಿನಯವಾಗಿಯೇ ಕೇಳಿ. ಬಾಗಿಲು ಮುರಿದ ವಿಷಯ ದೂರಿನಲ್ಲಿ ಸ್ಪಷ್ಟವಾಗಿ ಇರಲೇಬೇಕು. ವಿಮೆಯವರೂ ಮೊದಲು ನೋಡುವುದು ಅದನ್ನೇ.

ಅದೇ ದಿನ ಮಾಡಬೇಕಾದ ಇನ್ನೂ ಮೂರು ಕೆಲಸ: ಕಾರ್ಡು, ಚೆಕ್‌ಬುಕ್ ಹೋಗಿದ್ದರೆ ಬ್ಯಾಂಕಿಗೆ ಹೇಳಿ ನಿಲ್ಲಿಸಿ. ಮೊಬೈಲ್ ಹೋಗಿದ್ದರೆ ದೂರಿನ ಪ್ರತಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಐಎಂಇಐ ಬ್ಲಾಕ್ ಮಾಡಿಸಿ. ಕೀಗೊಂಚಲು ಕಾಣೆಯಾಗಿದ್ದರೆ ಅವತ್ತೇ ಬೀಗ ಬದಲಿಸಿ.

ಒಡವೆ ಸಿಕ್ಕಿತು ಅಂತ ಠಾಣೆಯಿಂದ ಫೋನ್ ಬಂದರೆ ಅದು ಕೂಡಲೇ ಕೈಗೆ ಬರುವುದಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 497 ಮತ್ತು 503ರಲ್ಲಿ, ಕೇಸು ಮುಗಿಯುವ ಮೊದಲೇ ವಸ್ತುವನ್ನು ಹಕ್ಕುದಾರರ ವಶಕ್ಕೆ ಕೊಡಲು ಕೋರ್ಟಿಗೆ ಅವಕಾಶ ಇದೆ. ವಕೀಲರ ಮೂಲಕ ಅರ್ಜಿ ಹಾಕಿ. ಖರೀದಿಯ ರಸೀದಿ, ಹಳೆಯ ಫೋಟೊಗಳನ್ನು ಜೊತೆಗೆ ಕೊಡಿ. ಮುಚ್ಚಳಿಕೆ ಬರೆಸಿಕೊಂಡು, ಕೇಳಿದಾಗ ಹಾಜರುಪಡಿಸಬೇಕು ಅನ್ನುವಂಥ ಷರತ್ತಿನ ಮೇಲೆ ಬಿಟ್ಟುಕೊಡುತ್ತಾರೆ. ಹಾಗಾಗಿ ಕೇಸು ಮುಗಿಯುವವರೆಗೆ ಅದನ್ನು ಮಾರಬೇಡಿ, ಕರಗಿಸಿ ಬೇರೆ ಮಾಡಿಸಬೇಡಿ. ಚಿಕ್ಕಮ್ಮನಿಗೆ ಎರಡು ಬಳೆ ವಾಪಸ್ ಬಂದವು. ಅವು ಅವರದೇ ಅಂತ ತೋರಿಸಿಕೊಟ್ಟಿದ್ದು ಮಗಳ ಮದುವೆ ಆಲ್ಬಮ್ಮಿನ ಒಂದು ಫೋಟೊ. ಧಾರೆ ಎರೆಯುವಾಗ ಮುಂದಕ್ಕೆ ಚಾಚಿದ ಅವರ ಕೈ, ಮಣಿಕಟ್ಟಿನಲ್ಲಿ ಅದೇ ಬಳೆಗಳು.